ಯಾರೂ ಕೇಳದ ಪ್ರಶ್ನೆ

ಬಸವನಗುಡಿಯ ಛತ್ರ ತಲುಪುವುದರೊಳಗೆ ಬದರೀನಾರಾಯಣರು ಆ ಸುಳ್ಳನ್ನು ಆಟೋದಲ್ಲಿ ಮೂರು ಸಲ ಅಭ್ಯಾಸ ಮಾಡಿದರು. ‘ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಾರೆ. ಬೆಳಗ್ಗೆ ಗಂಜಿ ಕುಡಿದ್ರು.’ ಮೂರನೆಯ ಸಲಕ್ಕೆ ಗಂಜಿಯನ್ನು ಕೈಬಿಟ್ಟರು. ಸುಳ್ಳು ಚಿಕ್ಕದಾದಷ್ಟೂ ಹೇಳುವುದು ಸುಲಭ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಹೊಳೆದಿತ್ತು.

ಚಿಕ್ಕಪ್ಪ ಶ್ರೀಹರಿರಾಯರು ಹೋಗಿಬಿಟ್ಟಿದ್ದರು. ಆರು ಗಂಟೆಗೆ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಚಾಮರಾಜಪೇಟೆಯ ನರ್ಸಿಂಗ್ ಹೋಮಿಗೆ ಹೋದರೆ, ಬಿಳಿ ಹೊದಿಕೆಯನ್ನು ಮುಖ ಮುಚ್ಚುವಂತೆ ಎಳೆದಿದ್ದರು. ತಂದೆ ತೀರಿಕೊಂಡ ಮೇಲೆ ಬದರಿಯನ್ನೂ ತಮ್ಮ ಮಧುಸೂದನನನ್ನೂ ಸಾಕಿ ಓದಿಸಿ, ತಾವು ಮದುವೆಯಾಗದೆ ಉಳಿದ ಮನುಷ್ಯ. ಪಕ್ಕದಲ್ಲಿ ಕೂತು ಅಳಬೇಕಿತ್ತು. ಸಮಯವಿರಲಿಲ್ಲ. ಅಂದೇ ಹತ್ತೂ ನಲವತ್ತಕ್ಕೆ ಮಧುಸೂದನನ ಮಗಳು ಧೃತಿಯ ಮದುವೆ.

ದಾಯಾದಿಯ ಸಾವು ಎಂದರೆ ಹತ್ತು ದಿನ ಸೂತಕ. ನಾಂದಿ ಪೂಜೆ ಮುಗಿದಿದ್ದರೆ ಅದು ಮದುವೆಗೆ ತಟ್ಟುತ್ತಿರಲಿಲ್ಲ. ಪುರೋಹಿತರು ನಾಂದಿಯನ್ನು ಅವತ್ತೇ ಎಂಟು ಗಂಟೆಗೆ ಇಟ್ಟುಕೊಂಡಿದ್ದರು. ಸುದ್ದಿ ಹೊರಬಿದ್ದರೆ ಮದುವೆ ನಿಂತಂತೆಯೇ. ಗಂಡಿನ ಅಜ್ಜಿ ಸರ್ವಮಂಗಳಮ್ಮನವರು ಮಡಿಯ ವಿಷಯದಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡುವವರಲ್ಲ. ಆದರೆ ಸೂತಕ ತಗಲುವುದು ಸುದ್ದಿ ಕಿವಿಗೆ ಬಿದ್ದವರಿಗೆ ಮಾತ್ರ. ಬದರೀನಾರಾಯಣರು ಬಾಯಿ ಮುಚ್ಚಿಕೊಂಡಿದ್ದರೆ ದೋಷವೆಲ್ಲ ಅವರೊಬ್ಬರದೇ.

“ಮಧ್ಯಾಹ್ನದವರೆಗೂ ಯಾರಿಗೂ ಫೋನ್ ಮಾಡ್ಬೇಡಮ್ಮ” ಎಂದು ನರ್ಸ್ ಮಹಾನಂದಳನ್ನು ಕೇಳಿಕೊಂಡಿದ್ದರು.

“ಇಲ್ಲ ಸಾರ್, ಇನ್ಯಾರಿಗೂ ಮಾಡಲ್ಲ” ಎಂದಿದ್ದಳು ಅವಳು, ಇವರ ಮುಖ ನೋಡದೆ.

ಮೂವತ್ತೊಂದು ವರ್ಷ ಅವರು ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಮಾಡಿದ್ದರು. ಪ್ರತಿ ಜೂನಿನಲ್ಲೂ ಮೊದಲ ದಿನ ಅದೇ ಪ್ರಶ್ನೆ: ಕೊಲೆಗಾರನೊಬ್ಬ ಬಾಗಿಲು ತಟ್ಟಿ, ನಿಮ್ಮ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೆ ಏನು ಹೇಳುತ್ತೀರಿ? ಇಲ್ಲ ಎನ್ನಿ ಎನ್ನುತ್ತದೆ ಉಪಯುಕ್ತತಾವಾದ. ಹೆಚ್ಚು ಜನಕ್ಕೆ ಹೆಚ್ಚು ಒಳಿತಾಗುವುದೇ ಸರಿ. ಕರ್ತವ್ಯವಾದ ಒಪ್ಪುವುದಿಲ್ಲ. ತನಗೆ ಬೇಕಾದಾಗ ಸುಳ್ಳು ಹೇಳಬಹುದು ಎಂದು ಎಲ್ಲರೂ ಹೊರಟರೆ ಮಾತಿಗೆ ಬೆಲೆಯೆಲ್ಲಿ? ಬದರೀನಾರಾಯಣರು ಈ ಎರಡನೆಯ ಪಕ್ಷ. ಪಾಠದಲ್ಲಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ತೊಂಬತ್ತೈದನೇ ಇಸವಿಯಲ್ಲಿ ಧೃತಿಯನ್ನು ನೋಡಲು ಬಂದಿದ್ದವರು, ಹುಡುಗಿಗೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದಾಗ, ಏಳನೇ ವಯಸ್ಸಿನಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು ಎಂದುಬಿಟ್ಟಿದ್ದರು. ಬಂದವರು ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಧೃತಿ ದೊಡ್ಡಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಎರಡು ವರ್ಷವಾದರೂ ಅದು ಅವರನ್ನು ಚುಚ್ಚುತ್ತಲೇ ಇತ್ತು. ಈಗ ಅವಳಿಗೆ ಇಪ್ಪತ್ತೊಂಬತ್ತು.

ಛತ್ರದ ಬಾಗಿಲಲ್ಲೇ ಹೆಂಡತಿ ಗೋದಾ ಎದುರಾದಳು. ಬದರೀನಾರಾಯಣರು ಸುಳ್ಳನ್ನು ನಾಲಿಗೆಯ ತುದಿಗೆ ತಂದುಕೊಂಡರು.

“ಮೊದಲು ಸ್ನಾನ ಮಾಡ್ಕೊಂಡು ಬನ್ನಿ” ಎಂದಳು ಗೋದಾ. “ನೀರು ತೋಡಿಟ್ಟಿದೀನಿ.”

ಅಷ್ಟೇ. ಚಿಕ್ಕಪ್ಪನ ಮಾತೇ ಇಲ್ಲ.

ಸ್ನಾನ ಮುಗಿಸಿ ಬಂದರೆ ಮಧುಸೂದನ ಸಿಕ್ಕಿದ. ಕಣ್ಣು ಕೆಂಪಾಗಿತ್ತು. ಮಗಳ ಮದುವೆಯ ಹಿಂದಿನ ರಾತ್ರಿ ಯಾವ ತಂದೆಗೆ ನಿದ್ದೆ ಬರುತ್ತದೆ? “ಅಣ್ಣ, ನೀನು ಕೆಳಗೆ ಊಟದ ಹಾಲ್ ನೋಡ್ಕೊಂಡ್ಬಿಡು. ಮಂಟಪದ ಕಡೆ ನಾವಿದೀವಿ” ಎಂದ. ಮನೆಯ ಹಿರಿಯನನ್ನು ಅಡುಗೆಯವರ ಜೊತೆ ಅಟ್ಟುವುದು ಬೇರೆ ದಿನವಾಗಿದ್ದರೆ ಸಿಟ್ಟು ತರಿಸುತ್ತಿತ್ತು. ಇವತ್ತು ಬದುಕಿದೆಯಾ ಬಡಜೀವವೇ ಎಂದುಕೊಂಡು ಇಳಿದುಹೋದರು. ಸೂತಕದ ಮೈಯಲ್ಲಿ ಮಂಟಪದ ಹತ್ತಿರ ಸುಳಿಯುವುದೂ ತಪ್ಪಿತು.

ಬಾಳೆಲೆಯ ಕಟ್ಟುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ನೆಂಟರು ಬಂದರು, ಹೋದರು. ಮಂಡಿ ನೋವು ಹೇಗಿದೆ ಎಂದರು. ರಿಟೈರ್ ಆಗುವುದು ಯಾವಾಗ ಎಂದರು. ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಎಷ್ಟು ದುಬಾರಿಯಾಗಿದೆ ಎಂದು ಒಬ್ಬರು ಹತ್ತು ನಿಮಿಷ ಕೊರೆದರು. ಚಿಕ್ಕಪ್ಪ ಹೇಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಮೊದಮೊದಲು ಬದರೀನಾರಾಯಣರಿಗೆ ಸಮಾಧಾನವಾಯಿತು. ಆಮೇಲೆ ಮೈ ಉರಿಯಿತು. ಎಂಬತ್ನಾಲ್ಕು ವರ್ಷ ಬದುಕಿ, ಇವರಲ್ಲಿ ಅರ್ಧ ಜನರ ಶಾಲೆಯ ಅರ್ಜಿ ತುಂಬಿಕೊಟ್ಟ ಮನುಷ್ಯ, ಒಂದು ಮಾತಿಗೂ ಬೇಡವಾದನಲ್ಲ. ಕೊನೆಗೆ ಆ ಸಿಟ್ಟೂ ಆರಿ ಬರೀ ಸುಸ್ತು ಉಳಿಯಿತು.

ಕೇಳಿದವರು ಒಬ್ಬರೇ, ಸರ್ವಮಂಗಳಮ್ಮ. ಊಟದ ಹಾಲ್‌ನ ನಡುವೆ ನಿಂತು, “ನಿಮ್ಮ ಚಿಕ್ಕಪ್ಪನವರು ಹೇಗಿದಾರೆ?” ಎಂದರು.

ಬದರೀನಾರಾಯಣರು ಬಾಯಿ ತೆರೆದರು. ಮೂರು ಸಲ ಅಭ್ಯಾಸ ಮಾಡಿದ್ದು ಎಲ್ಲಿ ಹೋಯಿತೋ. ಅಷ್ಟರಲ್ಲಿ ಮಧುಸೂದನನ ಹೆಂಡತಿ ಸುಪ್ರಜಾ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಳು. ಹೆಣ್ಣಿನ ತಾಯಿಗೆ ಆ ಹೊತ್ತಿನಲ್ಲಿ ಕೆಳಗೇನು ಕೆಲಸವೋ. “ಅಜ್ಜೀ, ನೀವು ಬರದೆ ನಿಮ್ಮ ಮೊಮ್ಮಗ ಹಸೆಗೆ ಕೂರಲ್ವಂತೆ, ಬನ್ನಿ” ಎಂದು ಮುದುಕಿಯ ಕೈ ಹಿಡಿದುಕೊಂಡಳು. “ಭಾವ, ನೀವು ಪಾಯಸ ನೋಡಿ.”

ಹತ್ತೂ ನಲವತ್ತಕ್ಕೆ ಗಟ್ಟಿಮೇಳ ಮೊಳಗಿತು. ಬದರೀನಾರಾಯಣರು ಅಕ್ಷತೆ ಮುಟ್ಟಲಿಲ್ಲ. ಮೆಟ್ಟಿಲ ಕೆಳಗೆ ಕೈ ಮುಗಿದು ನಿಂತರು. ಬೆಳಗಿನಿಂದ ತಡೆದಿಟ್ಟ ಅಳು ಆಗ ಬಂತು.

ಧಾರೆ ಮುಗಿಸಿ ಬಂದ ತಮ್ಮನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. “ಮಧು, ಚಿಕ್ಕಪ್ಪ ಬೆಳಗ್ಗೆ ಹೋಗ್ಬಿಟ್ರು ಕಣೋ. ನಾನು ಮುಚ್ಚಿಟ್ಟೆ. ನಿಂಗೆ ಗೊತ್ತಿರಲಿಲ್ಲ, ದೋಷ ನಿಂದಲ್ಲ.”

“ಗೊತ್ತಿತ್ತಣ್ಣ” ಎಂದ ಮಧುಸೂದನ. “ನಾಲ್ಕು ಗಂಟೆಗೇ ಛತ್ರದ ಆಫೀಸಿಗೆ ಫೋನ್ ಬಂತು. ನಮ್ಮ ಕಡೆಯವರಿಗೆಲ್ಲ ಗೊತ್ತು.”

“ಮತ್ತೆ ಯಾರೂ ನನ್ನ ಏನೂ ಕೇಳಲಿಲ್ಲವಲ್ಲೋ.”

“ಹೋದ ವಾರ ಚಿಕ್ಕಪ್ಪಾನೇ ನಮ್ಮನ್ನೆಲ್ಲ ಕರೆಸಿ ಹೇಳಿದ್ರಣ್ಣ: ‘ಮದುವೆಗೆ ಮುಂಚೆ ನಾನು ಹೋದ್ರೆ, ಬದರೀನ ಮಾತ್ರ ಯಾರೂ ನನ್ನ ವಿಷಯ ಕೇಳ್ಬೇಡಿ. ಅವನ ಬಾಯಲ್ಲಿ ಸುಳ್ಳು ಹೇಳಿಸ್ಬೇಡಿ.’”