ಕೋಣೆಯ ಸೆಕೆ

ಆ ಊರಿನ ಕಂಪ್ಯೂಟರುಗಳಿಗೆ ಫ್ಯಾನ್ ಇರಲಿಲ್ಲ, ಮನುಷ್ಯರ ಬೆನ್ನಿತ್ತು. ಒಂದೊಂದು ಡಬ್ಬಿಗೆ ಒಬ್ಬೊಬ್ಬರು ಬೆನ್ನು ಕೊಟ್ಟು ಕೂತು ಪ್ರೊಸೆಸರಿನ ಕಾವು ಹೀರಿಕೊಳ್ಳಬೇಕು. ಪರದೆ ಎಂಬತ್ತು ಡಿಗ್ರಿ ತೋರಿಸಿದರೆ ಮಾತ್ರ ಏಳಬಹುದೆಂಬುದು ಕಾನೂನು. ಆ ಅಂಕಿ ಸರಿಯಿದೆಯೋ ಇಲ್ಲವೋ ನೋಡುವುದು ದ್ಯಾವಮ್ಮನ ಕೆಲಸ.

"ತಂಗಿ, ಬೆನ್ನಿಗೆ ಬೊಬ್ಬಿ ಬಂದೈತಿ ನೋಡ," ಎಂದಳು ಒಂಬತ್ತನೇ ಡಬ್ಬಿಯ ಕಲ್ಲವ್ವ.

"ಎಪ್ಪತ್ತೆರಡು ತೋರಸಾಕತ್ತೈತಿ. ನಾಟಕ ಸಾಕು," ಎಂದ ಉಸ್ತುವಾರಿಯ ಸಾಹೇಬ.

ದ್ಯಾವಮ್ಮ ಡಬ್ಬಿ ತೆರೆದು, ರೊಟ್ಟಿ ಹಂಚಿಗೆ ಚಿಮುಕಿಸುವಂತೆ ಪ್ರೊಸೆಸರಿನ ಮೇಲಿನ ತಗಡಿಗೆ ನೀರು ಚಿಮುಕಿಸಿದಳು. ಚುರ್ರೆಂದು ಹನಿ ಹಾರಿಹೋಯಿತು.

"ಹಂಚು ಸುಳ್ಳು ಹೇಳಂಗಿಲ್ರಿ ಸಾಹೇಬ್ರ."

ಆಮೇಲೆ ಪರದೆಯ ಸೆಟ್ಟಿಂಗ್ ತೆರೆದಳು. ಅಳತೆಗೆ ಬಂದ ಅಂಕಿಯಲ್ಲಿ ನಲವತ್ತು ಕಳೆ ಎಂದಿತ್ತು, ಕೆಳಗೆ ಬದಲಿಸಿದವರೆಂದು ಅವಳದೇ ಹೆಸರು. ಹೋದ ಬೇಸಿಗೆಯಲ್ಲಿ, "ಅದು ಕೋಣೆಯ ಸೆಕೆ, ಕಳೆದುಬಿಡು" ಎಂದಿದ್ದ ಸಾಹೇಬ. ಕಳೆದಿದ್ದಳು.

ಈಗ ಅದನ್ನು ಅಳಿಸಿದಳು. ಸಾಲಿಗೆ ಸಾಲೇ ನೂರು ದಾಟಿ ಸೈರನ್ ಕೂಗಿತು. ಸಾಹೇಬ ಒದರುತ್ತಿದ್ದಂತೆಯೇ ಎಲ್ಲರೂ ಎದ್ದು ನಿಂತರು.

"ಎಷ್ಟು ದಿನದಿಂದ ಹಿಂಗಿತ್ತವ್ವಾ?" ಕಲ್ಲವ್ವ ಕೇಳಿದಳು.

ದ್ಯಾವಮ್ಮ ನೆಲ ನೋಡಿದಳು.

"ಹೋದ ಯುಗಾದಿಯಿಂದ, ಯಕ್ಕಾ. ನಾನೇ ಕಳದಿದ್ದೆ."