ಏಳು ನಿಮಿಷ ಮುಂದೆ

"ಹೊತ್ತು ಮುಳುಗೋಕೆ ಇನ್ನು ಐದೇ ನಿಮಿಷ ಇದೆ ಅನ್ನುವಾಗ ಒಂದು ಗುಟುಕು ನೀರು ಕುಡಿದುಬಿಟ್ರೆ, ಫಾದರ್?"

ಕೇಳಿದವನು ಮುಂದಿನ ಬೆಂಚಿನಲ್ಲಿದ್ದ ಗಡಿಯಾರ ರಿಪೇರಿಯವನು. ಚರ್ಚಿನ ಹಿಂದಿನ ಕೋಣೆಯಲ್ಲಿ 'ಮುಸ್ಲಿಂ ನೆರೆಯವರ ಉಪವಾಸದ ತಿಂಗಳನ್ನು ಅರಿಯೋಣ' ಎಂಬ ತರಗತಿ ನಡೆದಿತ್ತು. ಬಂದವರು ಒಂಬತ್ತು ಮಂದಿ. ಅವರಲ್ಲಿ ಆರು ಮಂದಿ ಚಹಾಕ್ಕಾಗಿ ಬಂದವರು.

"ಆ ದಿನದ ಉಪವಾಸ ಹೋಯ್ತು ಅಂತಲೇ ಲೆಕ್ಕ" ಎಂದರು ಪಾದ್ರಿ. "ಬೆಳಗಿನಿಂದ ಹಸಿದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

ಅವನು ಬರೆದುಕೊಂಡ. ಪಾದ್ರಿಗೆ ಹಿಗ್ಗೋ ಹಿಗ್ಗು. "ನೋಡಿ, ನೆರೆಯವರನ್ನ ಪ್ರೀತಿಸೋದು ಅಂದ್ರೆ ಹೀಗೆ!"

ಪ್ರೀತಿ! ಅವನ ಗೋಡೆಯಾಚೆ ಇದ್ದವರು ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಸಾಹೇಬರು. ಆರು ವರ್ಷದ ಹಿಂದೆ, ಇದೇ ತಿಂಗಳಲ್ಲಿ, ಅವನ ತಮ್ಮ ಕುಡಿದು ವ್ಯಾನು ಓಡಿಸಿ ಒಬ್ಬ ಹೆಂಗಸಿನ ಎರಡೂ ಕಾಲು ಮುರಿದಿದ್ದ. ಎದುರಿನ ಬಸ್ಸಿನಲ್ಲಿದ್ದ ಸಾಹೇಬರೊಬ್ಬರೇ ಸಾಕ್ಷಿ. ತಮ್ಮನಿಗಾಗಿ ಅವನು ಅವರ ಕಾಲು ಹಿಡಿದಿದ್ದ. "ನಾನು ನೋಡ್ಲಿಲ್ಲ ಅಂದ್ಬಿಡಿ. ಒಂದೇ ಮಾತು."

"ಉಪವಾಸದ ಬಾಯಲ್ಲಿ ಸುಳ್ಳಾಡಿದ್ರೆ ಉಪವಾಸ ಎಲ್ಲಿ ಉಳಿಯುತ್ತೆ ತಮ್ಮಾ?" ಎಂದಿದ್ದರು ಸಾಹೇಬರು.

ಅವನ ತಮ್ಮ ಜೈಲಿಗೆ ಹೋದ. ಎರಡನೇ ವರ್ಷ ಜ್ವರ ಬಂತು, ಹೆಣ ಮನೆಗೆ ಬಂತು. ಅಂದಿನಿಂದ ಅವನ ಒಲೆ ಆರಿತು. ಕೈಗಡಿಯಾರ ಕಟ್ಟುವವರೇ ಕಡಿಮೆಯಾದ ಕಾಲ; ಮಧ್ಯಾಹ್ನ ಒಂದು ಬನ್ನು, ಸಂಜೆ ಒಂದು ಚಹಾ, ಅಷ್ಟರಲ್ಲಿ ದಿನ ದೂಡುತ್ತಿದ್ದ. ಹೊಟ್ಟೆ ತುಂಬ ಇದ್ದದ್ದು ಹಗೆಯೊಂದೇ. ಯಾವ ಉಪವಾಸ ಉಳಿಸಿಕೊಳ್ಳಲು ತಮ್ಮನನ್ನು ಬಲಿ ಕೊಟ್ಟರೋ ಆ ಉಪವಾಸವನ್ನೇ ಮುರಿಯಬೇಕು. ಒಂದಲ್ಲ, ಮೂವತ್ತೂ.

ದಾರಿ ತಾನಾಗಿ ನಡೆದು ಅಂಗಡಿಗೆ ಬಂತು. ಸಾಹೇಬರ ಮಗಳು, ಆಸ್ಪತ್ರೆಯ ನರ್ಸ್, ನಿಂತುಹೋದ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ತಂದಳು. "ಅಂಕಲ್, ನಂಗೆ ಈ ತಿಂಗಳು ಸಂಜೆ ಡ್ಯೂಟಿ. ಅಪ್ಪನ ಕಿವಿ ಮಂದ, ಮಸೀದಿ ಕೂಗು ಕೇಳಿಸಲ್ಲ. ಹೊತ್ತು ತಿಳಿಯೋಕೆ ಇದೇ ಗತಿ."

ಅವನು ಗಡಿಯಾರ ಬಿಚ್ಚಿದ, ಒರೆಸಿದ, ಎಣ್ಣೆ ಬಿಟ್ಟ. ಮುಳ್ಳನ್ನು ಏಳು ನಿಮಿಷ ಮುಂದಕ್ಕೆ ತಳ್ಳಿದ. ತಾನೇ ಹೋಗಿ ಮೊಳೆಗೆ ನೇತುಹಾಕಿದ.

"ನಾಳೆಯಿಂದ ಸಂಜೆ ಊಟ ಇಲ್ಲೇ" ಎಂದರು ಸಾಹೇಬರು. "ತಿಂಗಳು ಪೂರ್ತಿ. ಇಲ್ಲ ಅನ್ನಬೇಡ ತಮ್ಮಾ."

ತಮ್ಮಾ ಅಂತೆ! ಆ ಬಾಯಲ್ಲಿ ಆ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಉರಿ. ಆದರೂ ಒಪ್ಪಿದ. ಕಣ್ಣಾರೆ ನೋಡುವ ಸುಖ ಬಿಡುವುದುಂಟೇ?

ಮೊದಲ ಸಂಜೆ ಹೊರಗೆ ಇನ್ನೂ ಬಿಸಿಲ ಅಂಚಿತ್ತು. ಎದುರಿನ ಎತ್ತರದ ಕಟ್ಟಡ ಅದನ್ನು ಕಿಟಕಿಗೆ ಮರೆಮಾಡಿತ್ತು. ಗಡಿಯಾರದ ಮುಳ್ಳು ಹೊತ್ತು ಮುಳುಗುವ ಗಳಿಗೆ ಮುಟ್ಟಿತು. ಸಾಹೇಬರು ಖರ್ಜೂರದ ಚೂರೊಂದನ್ನು ಬಾಯಿಗಿಟ್ಟು, ಒಂದೇ ಗುಟುಕು ನೀರು ಕುಡಿದು, ಲೋಟ ಪಕ್ಕಕ್ಕೆ ಸರಿಸಿದರು. ಅವನ ತಟ್ಟೆಗೆ ಮಾತ್ರ ಬಡಿಸಿದರು, ಬಡಿಸಿದರು.

ಒಂದು ಹೋಯಿತು, ಎಂದುಕೊಂಡ ಅವನು.

"ಇವತ್ತಿನ ಉಪವಾಸ ಹೇಗಿತ್ತು, ಸಾಹೇಬ್ರೇ?" ಎಂದು ದಿನವೂ ಕೆಣಕುತ್ತಿದ್ದ.

"ನೀನು ಹೊಟ್ಟೆ ತುಂಬ ಉಣ್ಣು. ನಂದು ಆದ ಹಾಗೇ."

ವಾರಕ್ಕೆ ಮೂರು ಬೆಳಿಗ್ಗೆ ಅವರು ಮಗಳ ಜೊತೆ ಟ್ಯಾಕ್ಸಿ ಹತ್ತುತ್ತಿದ್ದರು, ಮಧ್ಯಾಹ್ನ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ಬರುತ್ತಿದ್ದರು. ಮಸೀದಿಯಲ್ಲಿ ಹಣೆ ಸವೆಸಿಕೊಳ್ಳಲಿ, ಎಂದು ಅವನು ಒಳಗೇ ನಗುತ್ತಿದ್ದ.

ಹತ್ತೊಂಬತ್ತನೆಯ ದಿನ ಅವನಿಗೆ ಜ್ವರ. ಹಾಸಿಗೆ ಬಿಟ್ಟೇಳಲಿಲ್ಲ. ಸಂಜೆ ಬಾಗಿಲು ಬಡಿದ ಸದ್ದಿಗೆ ಎದ್ದು ತೆರೆದ. ಸಾಹೇಬರು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಮುಚ್ಚಿದ ಪಾತ್ರೆ. "ಎರಡು ತುತ್ತಾದ್ರೂ ತಿನ್ನಪ್ಪ. ನೀನು ತಿನ್ನದಿದ್ರೆ ನನ್ನ ಇವತ್ತಿನ ದಿನ ಹಾಳಾಗಿಹೋಗುತ್ತೆ!"

ಅವನು ತಿಂದ. ಬಿಸಿ ಸೂಪು ಎದೆಗೆ ಇಳಿದಾಗ ಕಣ್ಣಲ್ಲಿ ನೀರು ಬಂತು. ಅದು ಜ್ವರದ ನೀರು ಎಂದು ಒರೆಸಿಕೊಂಡ. ಕೆನ್ನೆ ತುಂಬುತ್ತಿತ್ತು, ನಿದ್ದೆ ಹತ್ತುತ್ತಿತ್ತು, ಹಗೆ ಮೊಂಡಾಗುತ್ತಿತ್ತು. ಆಮೇಲಿನ ಸಂಜೆಗಳಲ್ಲಿ ಮನೆ ಬಿಡುವ ಮುಂಚೆ ತಮ್ಮನ ಫೋಟೋದ ಮುಂದೆ ನಿಂತು ಹಗೆಯನ್ನು ಮಸೆದುಕೊಂಡೇ ಹೋಗುತ್ತಿದ್ದ.

ಮೂವತ್ತನೆಯ ಸಂಜೆ ಮಗಳೂ ಮನೆಯಲ್ಲಿದ್ದಳು. ಮುಳ್ಳು ಮುಟ್ಟಿದ್ದೇ ಸಾಹೇಬರು ಗುಟುಕು ನೀರು ಕುಡಿದರು. ಅವಳು ತನ್ನ ಮೊಬೈಲು ನೋಡಿ ಹುಬ್ಬು ಗಂಟಿಕ್ಕಿದಳು. ಅವನು ತಟ್ಟೆಯ ಕೊನೆಯ ತುತ್ತು ಮುಗಿಸಿ, ಕೈ ತೊಳೆದು, ಗಡಿಯಾರ ಇಳಿಸಿ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ತನ್ನ ಕೈಗಡಿಯಾರ.

"ಏಳು ನಿಮಿಷ ಮುಂದಿದೆ. ನಾನೇ ಇಟ್ಟಿದ್ದು. ಮೂವತ್ತು ದಿನವೂ ಸೂರ್ಯ ಇರುವಾಗಲೇ ನೀವು ಬಾಯಿ ಮುಟ್ಟಿಸಿದ್ದೀರಿ. ನಿಮ್ಮ ಒಂದು ಉಪವಾಸವೂ ದೇವರಿಗೆ ಮುಟ್ಟಿಲ್ಲ, ಸಾಹೇಬ್ರೇ. ಇದು ನನ್ನ ತಮ್ಮನ ಲೆಕ್ಕ."

ಅಪ್ಪನ ಕಿವಿಗೆ ಬಾಗಿ ಮಗಳು ಆ ಮಾತನ್ನೆಲ್ಲ ಮತ್ತೊಮ್ಮೆ ಹೇಳಬೇಕಾಯಿತು. ಅವನು ಕಾದ. ಆರು ವರ್ಷ ಕಾದದ್ದು ಆ ಮುಖ ಕುಸಿಯುವುದನ್ನು ನೋಡಲೆಂದೇ.

ಮುಖ ಕುಸಿಯಲಿಲ್ಲ. ಸಾಹೇಬರು ಶಾಲು ಸರಿಸಿ ಎಡತೋಳು ಚಾಚಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೂಜಿಯ ಗುರುತು.

"ಕಿಡ್ನಿ ಹೋಗಿ ಎರಡು ವರ್ಷ ಆಯ್ತು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಉಪವಾಸ ಮಾಡಲೇಬಾರದು ಅಂದಿದ್ದಾರೆ ಡಾಕ್ಟ್ರು. ಈ ತಿಂಗಳು ನಾನು ಒಂದೂ ಮಾಡಿಲ್ಲ. ಸಂಜೆಯ ಆ ಗುಟುಕು ನಿನ್ನ ಜೊತೆ ಕೂರೋಕೆ ಅಷ್ಟೇ."

ಅವನ ಕಣ್ಣು ಖಾಲಿಯಾದ ತನ್ನ ತಟ್ಟೆಯತ್ತ ಹೊರಳಿತು.

"ಮಾಡೋಕೆ ಆಗದವನು ಒಂದೊಂದು ದಿನದ ಬದಲಿಗೆ ಒಬ್ಬ ಹಸಿದವನಿಗೆ ಹೊಟ್ಟೆ ತುಂಬ ಊಟ ಹಾಕಬೇಕು ಅಂತಿದೆ ತಮ್ಮಾ, ಒಂದು ದಿನವೂ ತಪ್ಪಿಸದೆ ಉಂಡು ನನ್ನ ಮೂವತ್ತನ್ನೂ ನೀನೇ ದೇವರಿಗೆ ಮುಟ್ಟಿಸಿದೆ."