ಹನ್ನೆರಡನೆಯ ಹರಳು

ಅಯ್ಯಪ್ಪನ ಹೆಬ್ಬೆರಳು ಏಳನೆಯ ಗೆಣ್ಣಿಗೆ ಜರುಗಿತು. ಅದೇ ಗಳಿಗೆ ಮೇಸ್ತ್ರಿ ಮಜೀದಸಾಬ ಏಳನೆಯ ಹರಳನ್ನು ಕಾಲ ಬುಡಕ್ಕೆ ಬಿಟ್ಟ.

ಎಂಟು. ಒಂಬತ್ತು. ಅಡ್ಡಗೋಡೆಯ ಆಚೆ ರಾವೂರಿನ ಖಣಿ ಸಿಡಿಯುತ್ತಿತ್ತು. ಅಂಗಾಲಿನ ಕೆಳಗೆ ನೆಲ ಬಿಟ್ಟೂಬಿಡದೆ ನಡುಗುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತವರು ಹತ್ತು ಜನ. ಅವರೆಲ್ಲರ ಕಣ್ಣು ಮೇಸ್ತ್ರಿಯ ಕಾಲ ಬುಡದ ಹರಳುಗಳ ಮೇಲೆ. ಮೇಸ್ತ್ರಿಯ ಕಣ್ಣು ಮಾತ್ರ ಅಯ್ಯಪ್ಪನ ಮೊಣಕಾಲ ಮೇಲಿದ್ದ ಆ ಒಂದು ಕೈಯ ಮೇಲೆ.

ಹತ್ತು. ಹನ್ನೊಂದು.

ಆಗ ಧೂಳು ಬಂತು. ಸುಣ್ಣಗಲ್ಲಿನ ಬಿಳಿ ಧೂಳು ಗೋಡೆ ದಾಟಿ ಇಬ್ಬರ ನಡುವೆ ಇಳಿಯಿತು. ಅದು ತಿಳಿಯಾಗುವಷ್ಟರಲ್ಲಿ ನೆಲ ಸುಮ್ಮನಾಗಿತ್ತು. ಅಯ್ಯಪ್ಪ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮಜೀದಸಾಬನ ಮುಷ್ಟಿಯಲ್ಲಿ ಒಂದು ಹರಳು ಉಳಿದಿತ್ತು. ಅವನು ಮುಷ್ಟಿ ಬಿಚ್ಚಲಿಲ್ಲ.

ಪದ್ಧತಿ ಅವನೇ ಕಟ್ಟಿದ್ದು. ಬಂಡೆಗೆ ಹನ್ನೆರಡು ತೂತು ಕೊರೆದು ಮದ್ದು ತುಂಬಿದರೆ ಮೇಸ್ತ್ರಿಯ ಕೈಯಲ್ಲಿ ಹನ್ನೆರಡು ಹರಳು. ಒಂದು ಸಿಡಿತಕ್ಕೆ ಒಂದು ಹರಳು ಕೆಳಗೆ. ಕೈ ಬರಿದಾದರೆ ಸೀಟಿ. ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಒಂದು ಉಳಿದರೂ ಯಾರೂ ಇಳಿಯುವಂತಿಲ್ಲ. ಸಿಡಿಯದ ಮದ್ದು ಎಲ್ಲೋ ಕಲ್ಲಿನಡಿ ಕಾದು ಕೂತಿರುತ್ತದೆ. ಎಣಿಸುವವನು ಮೇಸ್ತ್ರಿ ಒಬ್ಬನೇ. ಎರಡು ಬಾಯಿ ಎಣಿಸಿದರೆ ಎರಡು ಲೆಕ್ಕ, ಎರಡು ಲೆಕ್ಕದ ಗ್ಯಾಂಗಿಗೆ ಒಂದು ಕಾಲೂ ನೆಟ್ಟಗೆ ಬೀಳುವುದಿಲ್ಲ. ಇದು ಅವನು ಎಲ್ಲರಿಗೂ ಹೇಳಿದ ಮಾತು. ಮುಂದೆ ನಿಂತವನು ತಪ್ಪಿದರೂ ತಪ್ಪಲಿ, ಅನುಮಾನ ಮಾತ್ರ ತೋರಿಸಬಾರದು. ಇದು ಅವನು ಯಾರಿಗೂ ಹೇಳದೆ ಇಟ್ಟುಕೊಂಡ ಮಾತು.

ಹೋದ ವರ್ಷ ಪೀರಪ್ಪ ಬಾಯಿ ತೆಗೆದು, ಹನ್ನೊಂದೇ ಆದವು ಎಂದಿದ್ದ. ಅಂದೇ ಅವನನ್ನು ಗ್ಯಾಂಗಿನಿಂದ ತೆಗೆದು ಹಾಕಿದ್ದಾಯಿತು. ಹೆಂಗಸರು ಇಳಿದರು, ಏನೂ ಆಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಜೀದಸಾಬ ಒಬ್ಬನೇ ಇಳಿದು ನೋಡಿದ. ಮೂಲೆಯ ತೂತಿನಲ್ಲಿ ಬತ್ತಿ ಅರ್ಧ ಸುಟ್ಟು ಆರಿಹೋಗಿತ್ತು. ನೀರು ಸುರಿದು ಮದ್ದು ಕೆಡಿಸಿದ. ಯಾರಿಗೂ ಹೇಳಲಿಲ್ಲ. ಪೀರಪ್ಪನನ್ನು ಮರಳಿ ಕರೆಯಲೂ ಇಲ್ಲ. ಅಂದಿನಿಂದ ಆ ಖಣಿಯಲ್ಲಿ ಕಿವಿ ಇದ್ದವರಿಗೆ ಬಾಯಿ ಇರಲಿಲ್ಲ.

ಆ ಜಾಗಕ್ಕೆ ಬಂದವನು ಅಯ್ಯಪ್ಪ. ಶಹಾಬಾದದ ಖಣಿಗಳಲ್ಲಿ ಹದಿನೈದು ವರ್ಷ ಬಂಡೆ ಕೊರೆದವನು. ಮಾತು ಕಡಿಮೆ. ಗ್ಯಾಂಗು ನಕ್ಕರೆ ಒಂದು ಗಳಿಗೆ ತಡವಾಗಿ ನಗುತ್ತಿದ್ದ. ಹೆಂಡತಿ ಭೀಮಮ್ಮ ಏನಾದರೂ ಹೇಳಬೇಕಾದರೆ ಮೊದಲು ಅವನ ಅಂಗಿ ಜಗ್ಗುತ್ತಿದ್ದಳು. ಅವನ ಕಣ್ಣು ಸದಾ ಮೇಸ್ತ್ರಿಯ ಮೇಲೆ. ಸೀಟಿಯ ಮೇಲೆ ಆಸೆ ಇಟ್ಟಿದ್ದಾನೆ ಎಂದು ಜನ ಆಡಿಕೊಂಡರು. ಅವನು ಕದ್ದು ಎಣಿಸುವುದನ್ನು ಕಂಡೂ ಮೇಸ್ತ್ರಿ ಯಾಕೆ ಬಯ್ಯುವುದಿಲ್ಲ ಎಂಬುದು ಮಾತ್ರ ಯಾರಿಗೂ ಬಗೆಹರಿಯಲಿಲ್ಲ.

ಖಣಿಯ ಬಾಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗಬೇಕಾದ ಮೂರು ಲಾರಿ ನಿಂತಿದ್ದವು. ಗುಮಾಸ್ತ ಗುರುಲಿಂಗಯ್ಯ ದೂರದಿಂದಲೇ ಕೈಗಡಿಯಾರ ಎತ್ತಿ ತೋರಿಸಿದ. ಬೆನ್ನ ಹಿಂದಿನಿಂದ ಭೀಮಮ್ಮ ಎರಡು ಸಲ ಕೂಗಿದಳು. ಮಜೀದಸಾಬ ತಿರುಗಲಿಲ್ಲ. ಮೇಸ್ತ್ರಿಯ ದಿಮಾಕು ಎಲ್ಲರಿಗೂ ಗೊತ್ತಿದ್ದದ್ದೇ. ಎದುರು ನಿಂತು ಮುಖ ಕೊಟ್ಟು ಮಾತಾಡದಿದ್ದರೆ ಅವನ ಬಾಯಿಂದ ಉತ್ತರ ಬರುತ್ತಿರಲಿಲ್ಲ. ಅವಳೇ ಸುತ್ತಿ ಮುಂದೆ ಬಂದಳು.

"ಏನ್ರಿ ಕಾಕಾ, ನಾವು ಇಳೀಬೇಕೋ, ಇಲ್ಲಾ ಕಲ್ಲೇ ನಡಕೋತ ಮ್ಯಾಲ ಬರತಾವೋ?"

ಹೆಂಗಸರು ನಕ್ಕರು. ಭೀಮಮ್ಮನೇ ಯಾವಾಗಲೂ ಮೊದಲು ಇಳಿಯುವವಳು.

ಸೀಟಿ ಊದಿದರೆ ಅವಳ ಕಾಲು ಆ ಕಲ್ಲುಗಳ ಮೇಲೆ. ಒಂದು ಉಳಿದಿದೆ ಎಂದರೆ ಇವತ್ತು ಖಣಿ ಬಂದ್; ನಾಳೆ ಸಿಡಿಯದ ತೂತನ್ನು ಮೇಸ್ತ್ರಿ ಹುಡುಕಿ ತೋರಿಸಬೇಕು. ತೂತು ಸಿಗದಿದ್ದರೆ ಲೆಕ್ಕ ತಪ್ಪಿದ್ದು ಹೇಗೆ ಎಂದು ಗುರುಲಿಂಗಯ್ಯ ಕೇಳುತ್ತಾನೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಆ ಉತ್ತರದ ಮರುದಿನ ಅವನು ಮೇಸ್ತ್ರಿಯಲ್ಲ.

ಮೇಸ್ತ್ರಿಯಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಇನ್ನೊಬ್ಬರನ್ನು ಕೇಳಿದ. ಗ್ಯಾಂಗಿನ ಹಿರಿಯ ದೇವೀಂದ್ರಪ್ಪನ ಎದುರು ನಿಂತು, ಎಷ್ಟಾದವು ಎಂದ.

ದೇವೀಂದ್ರಪ್ಪ ಬೆದರಿ ಎದ್ದು ನಿಂತ. ಪೀರಪ್ಪನ ನೆನಪಾಗಿರಬೇಕು.

"ನೀವು ಅಂದಷ್ಟು ಆದವ್ರಿ," ಎಂದ.

ಪಕ್ಕದವನೂ ತಲೆ ಆಡಿಸಿದ. ಅವನ ಪಕ್ಕದವನೂ. ಹತ್ತು ಜನರೊಳಗೆ ಎಲ್ಲೋ ಒಂದು ಸರಿಯಾದ ಲೆಕ್ಕ ಇತ್ತು. ಅದಕ್ಕೆ ಬೀಗ ಹಾಕಿದವನು ತಾನೇ. ಕೀಲಿಕೈ ಎಲ್ಲಿ ಬಿಟ್ಟೆನೋ ಮಜೀದಸಾಬನಿಗೆ ನೆನಪಿರಲಿಲ್ಲ.

ಅವನು ಸೀಟಿಯನ್ನು ತುಟಿಗೆ ಇಟ್ಟ. ಭೀಮಮ್ಮ ಬುಟ್ಟಿ ಎತ್ತಿ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಊದಲಿ ಎಂದು ಕಾದಳು. ಅವನು ಊದಲಿಲ್ಲ. ಸೀಟಿ ಇಳಿಸಿ, ಅಲ್ಲೇ ನಿಲ್ಲು ಎಂದು ಅವಳಿಗೆ ಕೈ ಮಾಡಿದ. ಅಯ್ಯಪ್ಪನ ರಟ್ಟೆ ಹಿಡಿದು ಗೋಡೆಯ ಮಗ್ಗುಲಿಗೆ ಕರೆದೊಯ್ದ. ಕೊರಳಿನ ದಾರ ತೆಗೆದು ಸೀಟಿಯನ್ನು ಅವನ ಮುಂದೆ ಹಿಡಿದ.

"ನನ್ನ ಕಿವಿ ಹೋಗ್ಯಾವ, ಅಯ್ಯಪ್ಪ. ವರ್ಷಾತು. ನಿನ್ನ ಬೆರಳ ನೋಡಿ ಹರಳ ಬಿಡಾಕತ್ತಿದ್ದೆ. ತಗೋ, ಇನ್ನ ಮ್ಯಾಲ ಸೀಟಿ ನಿಂದು, ಎಣಿಕಿ ನಿಂದು. ಹನ್ನೆರಡು ಆದವೋ ಇಲ್ಲೋ, ಅಷ್ಟ ಹೇಳು."

ಅಯ್ಯಪ್ಪ ಸೀಟಿಯನ್ನು ನೋಡಲಿಲ್ಲ. ಮೇಸ್ತ್ರಿಯ ತುಟಿಗಳನ್ನೇ ನೋಡುತ್ತಿದ್ದ. ತುಟಿ ನಿಂತ ಮೇಲೂ ನೋಡುತ್ತಿದ್ದ. ಅವನ ಮುಖ ಮೈಮೇಲಿನ ಧೂಳಿಗಿಂತ ಬಿಳಿಚಿಕೊಂಡಿತು. ಅವನು ಸೀಟಿ ಹಿಡಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.

"ಒಲ್ಲೆ, ಕಾಕಾ. ನಾ ನಿಮ್ಮ ಹರಳ ನೋಡಿ ಬೆರಳ ಸರಸ್ತಿದ್ದೆ."